ಗಿರಣಿ ಮುಚ್ಚಿದರೆ ಪಿಂಚಣಿಯೂ ಮುಚ್ಚುತ್ತದೆಯೇ?

"ಮಿಲ್ಲೇ ಮುಚ್ಚೇತಿ, ಇನ್ನ ಪಿಂಚಣಿ ಯಾರ್ ಕೊಡ್ತಾರ?" ವಿನೋಬನಗರದ ನಮ್ಮ ಓಣಿಯ ಅಜ್ಜಿಯೊಬ್ಬರು ಹೀಗೆ ಕೇಳಿದರು. ಅವರ ಯಜಮಾನರು ಹದಿನೆಂಟು ವರ್ಷ ಹತ್ತಿಗಿರಣಿಯಲ್ಲಿ ದುಡಿದವರು. ತೀರಿಹೋಗಿ ವರ್ಷಗಳಾಗಿದ್ದರೂ ಅಜ್ಜಿ ಅರ್ಜಿಯನ್ನೇ ಹಾಕಿರಲಿಲ್ಲ. ದಾವಣಗೆರೆಯ ಗಿರಣಿಗಳ ಸೈರನ್ ನಿಂತಿದೆ. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿದೆ. ಇಂಥ ಊರುಗಳಲ್ಲಿ ಈ ತಪ್ಪು ನಂಬಿಕೆಯ ಬೆಲೆಯನ್ನು ಬಡವರು ತಿಂಗಳು ತಿಂಗಳೂ ತೆರುತ್ತಾರೆ.

ಕಂಪನಿಯೇ ಪಿಂಚಣಿಯ ಹೊಣೆ ಹೊರುವ ಪದ್ಧತಿ ಇರುವುದು ಅಮೆರಿಕದಂಥ ದೇಶಗಳಲ್ಲಿ. ಅಲ್ಲಿ ಸ್ಟುಡಿಬೇಕರ್ ಕಾರು ಕಂಪನಿ 1963ರಲ್ಲಿ ಸೌತ್ ಬೆಂಡ್ ಕಾರ್ಖಾನೆ ಮುಚ್ಚಿದಾಗ ಸಾವಿರಾರು ಕಾರ್ಮಿಕರ ಪಿಂಚಣಿ ಮಣ್ಣುಪಾಲಾಯಿತು. ಅದನ್ನು ಕಾಯುವ ಕಾನೂನು ಬರಲು 1974ರವರೆಗೆ ಕಾಯಬೇಕಾಯಿತು. ನಮ್ಮ ಏರ್ಪಾಡೇ ಬೇರೆ. 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ಮಾಲೀಕರು ಕಟ್ಟಿದ ಹಣ ಅವರ ತಿಜೋರಿಯಲ್ಲಿ ಉಳಿಯುವುದಿಲ್ಲ. ನಾವು ಪಿಎಫ್ ಆಫೀಸು ಎನ್ನುವ ಭವಿಷ್ಯ ನಿಧಿ ಸಂಘಟನೆ ನಡೆಸುವ, ದೇಶಕ್ಕೆಲ್ಲ ಒಂದೇ ಆದ ನಿಧಿಗೆ ಹೋಗುತ್ತದೆ. ಗೇಟಿಗೆ ಬೀಗ ಬಿದ್ದರೂ ಆ ನಿಧಿಗೆ ಬೀಗ ಬೀಳುವುದಿಲ್ಲ.

"ನನ್ನ ಸಂಬಳದಾಗೇ ಹಿಡಿದಾರ, ನನ್ನ ರೊಕ್ಕ ನನಗ ಕೊಡ್ತಾರ" ಎನ್ನುವವರೂ ಇದ್ದಾರೆ. ಈ ಮಾತಿಗೆ ಹಳೆಯ ಬೇರಿದೆ. 1971ರ ಕುಟುಂಬ ಪಿಂಚಣಿ ಯೋಜನೆಗೆ ಕಾರ್ಮಿಕರ ಪಾಲಿನಿಂದಲೂ ಸ್ವಲ್ಪ ಹೋಗುತ್ತಿತ್ತು. 1995ರ ನಂತರ ಹಾಗಿಲ್ಲ. ಸಂಬಳದಲ್ಲಿ ಹಿಡಿಯುವ ಶೇ 12 ಪೂರ್ತಿ ಪಿಎಫ್ ಖಾತೆಗೆ ಹೋಗುತ್ತದೆ. ಮಾಲೀಕರು ಕಟ್ಟುವ ಶೇ 12ರಲ್ಲಿ 8.33 ಪಿಂಚಣಿ ನಿಧಿಗೆ, ಉಳಿದದ್ದು ಪಿಎಫ್‌ಗೆ. ಕೇಂದ್ರ ಸರ್ಕಾರ ಶೇ 1.16 ಸೇರಿಸುತ್ತದೆ. ಹಾಗಾಗಿ ಇದು ಸರ್ಕಾರಿ ನೌಕರರ ಹಳೆಯ ಪಿಂಚಣಿಯಂತೆ ಪೂರ್ತಿ ಖಜಾನೆಯಿಂದ ಬರುವುದೂ ಅಲ್ಲ. ಮಾಲೀಕರು ಕಟ್ಟುವುದು ದಾನವೂ ಅಲ್ಲ, ಕಾನೂನು ಹೊರಿಸಿದ ಹೊಣೆ.

ಮೊತ್ತ ಇಷ್ಟು ಕಡಿಮೆ ಏಕೆ ಎಂಬ ನೋವು ನಿಜವಾದದ್ದು, ಆದರೆ ಬೈಗುಳ ಮಾತ್ರ ತಪ್ಪು ವಿಳಾಸಕ್ಕೆ ಹೋಗುತ್ತದೆ. ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೇ ಮಿತಿಯಿದೆ: 1995ರಲ್ಲಿ 5,000 ರೂಪಾಯಿ, 2001ರಲ್ಲಿ 6,500, 2014ರ ಸೆಪ್ಟೆಂಬರ್‌ನಿಂದ 15,000. ಆ ಸಂಬಳವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ. 15,000 ರೂಪಾಯಿಗೆ ಹತ್ತು ವರ್ಷ ದುಡಿದವರಿಗೆ ಬರುವುದು ಸುಮಾರು 2,143. ಗಿರಣಿಯ ಎರಡು ಮೂರು ಸಾವಿರದ ಕಾಲದಲ್ಲೇ ಕೆಲಸ ಕಳೆದುಕೊಂಡವರ ಗತಿಯನ್ನು ನೀವೇ ಲೆಕ್ಕ ಹಾಕಿ. 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ 1,000 ರೂಪಾಯಿ. ಒಬ್ಬರ ತಿಂಗಳ ಗುಳಿಗೆಗಳಿಗೇ ಅದು ಸಾಲದು. ಇದನ್ನು ಏರಿಸಿ ಎಂದು ಕೇಳುವ ಮುದುಕರ ಕೂಗು ನ್ಯಾಯವಾದದ್ದು ಎಂದೇ ನಾನು ತಿಳಿದಿದ್ದೇನೆ.

ಪಿಎಫ್ ಹಣ ಬಿಡಿಸಿಕೊಂಡರೆ ಪಿಂಚಣಿಯೂ ಹೋಯಿತೆಂದು ಕೈಚೆಲ್ಲಿದವರು ನಮ್ಮ ಓಣಿಯಲ್ಲೇ ಇದ್ದಾರೆ. ಹತ್ತು ವರ್ಷ ಸೇವೆ ಮುಗಿಸಿದವರ ಪಿಂಚಣಿಯ ಹಕ್ಕು ಹಾಗೆ ಹೋಗುವುದಿಲ್ಲ. 58 ತುಂಬಿದ ಮೇಲೆ ಪೂರ್ತಿ ಸಿಗುತ್ತದೆ. 50ರ ನಂತರವೂ ಪಡೆಯಬಹುದು, ಆದರೆ ಮುಂಚಿತವಾದ ಪ್ರತಿ ವರ್ಷಕ್ಕೂ ಶೇ 4 ಕಡಿತ. ಹತ್ತು ವರ್ಷದೊಳಗೆ ಬಿಟ್ಟು ನಮೂನೆ 10ಸಿ ತುಂಬಿ ಹಣ ಪಡೆದವರ ಸೇವೆ ಮಾತ್ರ ಅಲ್ಲಿಗೇ ಮುಗಿಯುತ್ತದೆ. ಕೈಗೆ ದುಡ್ಡು ಬೇಕೆಂಬ ಅವಸರ ಅರ್ಥವಾಗುತ್ತದೆ, ಆದರೆ ಸೇವೆಯನ್ನು ಮುಂದಿನ ಕೆಲಸಕ್ಕೆ ಸೇರಿಸುವ ಪ್ರಮಾಣಪತ್ರ ಪಡೆಯುವ ದಾರಿಯೂ ಇತ್ತು. ಅದನ್ನು ಹೇಳುವವರಿರಲಿಲ್ಲ.

ಈಗಿನ ಹುಡುಗರಿಗೂ ಒಂದು ಮಾತು. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದಾಗಲೇ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ದಾಟಿದ್ದರೆ ಈ ಪಿಂಚಣಿಯೇ ಇಲ್ಲ. ಮಾಲೀಕರ ಪಾಲೂ ಪಿಎಫ್‌ಗೇ ಹೋಗುತ್ತದೆ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಗಂಡ ತೀರಿಕೊಂಡರೆ ಹೆಂಡತಿಗೆ ಪಿಂಚಣಿ ಉಂಟು. ಪಿಂಚಣಿ ಪಡೆಯುತ್ತಿದ್ದವರು ಹೋದರೆ ಅದರ ಅರ್ಧ, ಅದಕ್ಕೂ ಕನಿಷ್ಠದ 1,000 ಅನ್ವಯ. ಬೇಕಾದದ್ದು ನಮೂನೆ 10ಡಿ, ಮರಣ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಸಹಿ ಹಾಕಲು ಮಾಲೀಕರೇ ಇಲ್ಲವಾದರೆ ಬ್ಯಾಂಕ್ ಮ್ಯಾನೇಜರ್, ಗೆಜೆಟೆಡ್ ಅಧಿಕಾರಿಯಂಥವರು ದೃಢೀಕರಿಸಬಹುದು. ಗಂಡನ ಪಿಎಫ್ ನಂಬರ್ ಅಜ್ಜಿಗೆ ಗೊತ್ತಿರಲಿಲ್ಲ. ಟ್ರಂಕಿನ ತಳದ ಹಳೆಯ ಸಂಬಳದ ಚೀಟಿಯಲ್ಲಿ ಅದು ಸಿಕ್ಕಿತು. ಶಾಯಿ ಮಾಸಿತ್ತು, ಅಂಕಿಗಳು ಮಾತ್ರ ಓದುವಂತಿದ್ದವು.