ಲುಸರ್ನ್‌ನಲ್ಲಿ ಆರು ರಾತ್ರಿ: ಒಂದು ಸರೋವರ, ಮೂರು ಬೆಟ್ಟ, ಮತ್ತೆ ಆ ಕಿತ್ತಳೆ ದೀಪ

ಹಿಂದಿನ ಮಾತಲ್ಲಿ ನಾನು ನನ್ನ ಹೆಂಡತಿ ಜೂನ್‌ನಲ್ಲಿ ಸ್ವಿಟ್ಜರ್ಲೆಂಡ್‌ಗೆ ಹೋಗಿ ಬಂದ್ವಿ ಅಂತ ಒಂದೇ ಸಾಲು ಹೇಳಿ ಮುಂದೆ ಹೋಗಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ: "ಅಷ್ಟು ದುಡ್ಡು ಹಾಕಿ ಹೋಗಿ ಆರು ರಾತ್ರಿನೂ ಒಂದೇ ಊರಲ್ಲಿ ಇದ್ರಾ? ಝ್ಯೂರಿಕ್, ಇಂಟರ್‌ಲಾಕೆನ್, ಜಿನೀವಾ ಏನೂ ಇಲ್ವಾ?" ಇಲ್ಲ. ಯಾಕೆ ಅಂತ ಇವತ್ತು ಹೇಳ್ತೀನಿ. ಜೊತೆಗೆ ನಾನು ಮಾಡಿದ ಒಂದು ತಪ್ಪಿನ ಬಗ್ಗೆನೂ ಹೇಳಬೇಕು. ಅದನ್ನ ಹೇಳೋದಕ್ಕೇ ಈ ಮಾತು ಅಂದ್ರೂ ಸರಿ.

ಪುಣೆಯಲ್ಲಿ ನಾವಿಬ್ರೂ ಬೇರೆ ಬೇರೆ ಕಂಪನಿ. ಇಬ್ರಿಗೂ ಒಟ್ಟಿಗೆ ಒಂದು ವಾರ ರಜೆ ಸಿಗೋದು ಅಂದ್ರೆ ಹೇಗೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸಿಕ್ಕ ಒಂದು ವಾರದಲ್ಲಿ ನಾಲ್ಕು ಊರು ಸುತ್ತೋ ಎಕ್ಸೆಲ್ ಶೀಟ್ ನಾನು ಮೊದಲು ಮಾಡಿದ್ದೆ. ಅವಳು ಅದನ್ನ ನೋಡಿ, "ಇದರಲ್ಲಿ ಸೂಟ್‌ಕೇಸ್ ಎಷ್ಟು ಸಲ ತುಂಬಬೇಕು, ಆ ಕಾಲಂ ಎಲ್ಲಿ?" ಅಂದ್ಳು. ಶೀಟ್ ಅಲ್ಲಿಗೆ ಬಿತ್ತು.

ಲುಸರ್ನ್ ಆರಿಸಿದ್ದಕ್ಕೆ ಕಾರಣ ಅದು ಇರೋ ಜಾಗ. ಝ್ಯೂರಿಕ್ ಏರ್‌ಪೋರ್ಟ್‌ನ ಕೆಳಗೇ ರೈಲು ಹತ್ತಿದ್ರೆ ಒಂದು ಗಂಟೆ ಚಿಲ್ಲರೆಗೆ ಲುಸರ್ನ್. ಸ್ಟೇಷನ್‌ನಿಂದ ಹೊರಗೆ ಕಾಲಿಟ್ರೆ ಎದುರಿಗೇ ಬೋಟ್ ನಿಲ್ದಾಣ, ಪಕ್ಕದಲ್ಲೇ ಬಸ್ಸು. ಈ ಮೂರನ್ನೂ ಬಳಸಿ ಟಿಟ್ಲಿಸ್, ಪಿಲಾಟಸ್, ರಿಗಿ ಮೂರು ಬೆಟ್ಟಕ್ಕೂ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ಅಂದ್ರೆ ಯಾವ ದಿನ ಯಾವ ಬೆಟ್ಟ ಅಂತ ಪುಣೆಯಲ್ಲಿ ಕೂತು ತೀರ್ಮಾನ ಮಾಡಬೇಕಿಲ್ಲ. ಬೆಳಿಗ್ಗೆ ಎದ್ದು ಆಕಾಶ ನೋಡಿ ತೀರ್ಮಾನ ಮಾಡಬಹುದು. ಊರು ಬದಲಿಸುತ್ತಾ ಹೋದ್ರೆ ಈ ಅನುಕೂಲ ಇರಲ್ಲ. ಇವತ್ತು ಮೋಡ ಇದ್ರೂ ಇವತ್ತೇ ಹತ್ತಬೇಕು, ನಾಳೆ ಹೋಟೆಲ್ ಬೇರೆ ಊರಲ್ಲಿ.

ಪಾಸ್ ವಿಷಯ. ನಮ್ಮವರು ಸಾಮಾನ್ಯವಾಗಿ ಕಣ್ಣು ಮುಚ್ಚಿ ಸ್ವಿಸ್ ಟ್ರಾವೆಲ್ ಪಾಸ್ ತಗೋತಾರೆ. ಅದು ಇಡೀ ದೇಶ ಸುತ್ತೋರಿಗೆ ಒಳ್ಳೇದೇ. ಆದರೆ ಅದರಲ್ಲಿ ರಿಗಿ ಮಾತ್ರ ಪೂರ್ತಿ ಸೇರಿದೆ, ಪಿಲಾಟಸ್‌ಗೂ ಟಿಟ್ಲಿಸ್‌ಗೂ ಅರ್ಧ ದುಡ್ಡು ಕೊಡಬೇಕು. ಒಂದೇ ಕಡೆ ಇರೋರಿಗೆ ಟೆಲ್ ಪಾಸ್ ಅಂತ ಇನ್ನೊಂದಿದೆ, ಮಧ್ಯ ಸ್ವಿಟ್ಜರ್ಲೆಂಡ್‌ಗೆ ಮಾತ್ರ. 2, 3, 4, 5, 10 ದಿನದ್ದು ಸಿಗುತ್ತೆ. ಸರೋವರದ ಬೋಟು, ಸುತ್ತಲಿನ ರೈಲು, ಬಸ್ಸು, ಈ ಮೂರೂ ಬೆಟ್ಟ ಅದರಲ್ಲೇ ಬರುತ್ತೆ. ನಾವು 5 ದಿನದ್ದು ತಗೊಂಡ್ವಿ. ಏರ್‌ಪೋರ್ಟ್‌ನಿಂದ ಬರೋ ಹೋಗೋ ಟಿಕೆಟ್ ಮಾತ್ರ ಬೇರೆ. ದರ ವರ್ಷ ವರ್ಷ ಬದಲಾಗುತ್ತೆ, ನೀವೇ ಎರಡನ್ನೂ ಕೂಡಿಸಿ ನೋಡಿ. ಊರೊಳಗಿನ ಬಸ್ಸಿಗೆ ದುಡ್ಡು ಕೊಡಬೇಡಿ, ರಾತ್ರಿ ತಂಗೋರಿಗೆ ಹೋಟೆಲ್‌ನವರೇ ವಿಸಿಟರ್ ಕಾರ್ಡ್ ಕೊಡ್ತಾರೆ.

ಇಷ್ಟೆಲ್ಲ ಬುದ್ಧಿ ಹೇಳೋ ನಾನು ಮೊದಲ ಬೆಟ್ಟದಲ್ಲೇ ಎಡವಿದೆ. ಎರಡನೇ ದಿನ ಟಿಟ್ಲಿಸ್ ಅಂತ ತಲೇಲಿ ಕೂತುಬಿಟ್ಟಿತ್ತು. ಮೋಡ ಇತ್ತು, ಆದ್ರೂ ಹೊರಟ್ವಿ. ಎಂಗೆಲ್‌ಬರ್ಗ್‌ವರೆಗೆ ಮುಕ್ಕಾಲು ಗಂಟೆ ರೈಲು, ಆಮೇಲೆ ಕೇಬಲ್ ಕಾರು, ಕೊನೆಗೆ ತಿರುಗುವ ಗೊಂಡೊಲಾ. ಅದು ಯಾಕೆ ತಿರುಗುತ್ತೆ? ಸುತ್ತಲಿನ ನೋಟ ಎಲ್ಲರಿಗೂ ಕಾಣ್ಲಿ ಅಂತ. ನಮಗೆ ಸುತ್ತಲೂ ಬಿಳಿ. ಆಗುಂಬೆಯಲ್ಲಿ ಜುಲೈ ತಿಂಗಳು ಸೂರ್ಯಾಸ್ತ ನೋಡೋಕೆ ನಿಂತ ಹಾಗೆ. 3,000 ಮೀಟರ್ ಎತ್ತರದಲ್ಲಿ ಸ್ಪಷ್ಟವಾಗಿ ಕಂಡಿದ್ದು ಶಾರುಖ್ ಖಾನ್ ಮತ್ತು ಕಾಜೋಲ್ ಕಟೌಟ್ ಮಾತ್ರ. ಫೋಟೋ ತೆಗೆಸಿಕೊಂಡ್ವಿ, ಏನ್ ಮಾಡೋದು.

ಆವತ್ತು ಸಂಜೆ ಹೋಟೆಲ್‌ನಲ್ಲಿ ಗೊತ್ತಾಗಿದ್ದು: ಮೂರೂ ಬೆಟ್ಟದ ತುದಿಯಲ್ಲಿ ವೆಬ್‌ಕ್ಯಾಮ್ ಇದೆ. ಫೋನಲ್ಲಿ ಲೈವ್ ಕಾಣುತ್ತೆ. ಕೆಳಗೆ ಬಿಸಿಲಿದ್ರೂ ಮೇಲೆ ಮಂಜು ಇರಬಹುದು, ಕೆಳಗೆ ಮೋಡ ಮುಚ್ಚಿದ್ರೂ ತುದಿ ಮೋಡಕ್ಕಿಂತ ಮೇಲೆ ಬಿಸಿಲಲ್ಲಿ ಇರಬಹುದು. ಹಾಗಾಗಿ ಹಲ್ಲುಜ್ಜುವಾಗ ಒಮ್ಮೆ ನೋಡಿ. ಇದೊಂದು ಅಭ್ಯಾಸದಿಂದ ಮುಂದಿನ ನಮ್ಮ ದಿನಗಳು ಉಳಿದವು.

ಮೂರನೇ ದಿನ ಕ್ಯಾಮೆರಾದಲ್ಲಿ ಪಿಲಾಟಸ್ ತೊಳೆದಿಟ್ಟ ಹಾಗಿತ್ತು. ಕ್ರೀನ್ಸ್‌ನಿಂದ ಗೊಂಡೊಲಾದಲ್ಲಿ ಹತ್ತಿ, ಆ ಕಡೆ ಆಲ್ಪ್‌ನಾಖ್‌ಸ್ಟಾಡ್‌ಗೆ ಹಲ್ಲುಗಾಲಿ ರೈಲಲ್ಲಿ ಇಳಿದು, ಬೋಟಲ್ಲಿ ವಾಪಸ್. ಈ ರೈಲಿನ ಬಗ್ಗೆ ಸ್ವಲ್ಪ ನಿಲ್ತೀನಿ. ಪ್ರಪಂಚದಲ್ಲೇ ಅತಿ ಕಡಿದಾದ ಹಲ್ಲುಗಾಲಿ ರೈಲು ಇದು. 100 ಮೀಟರ್ ಮುಂದೆ ಹೋದ್ರೆ 48 ಮೀಟರ್ ಮೇಲೆ. ಮಾಮೂಲಿ ಹಲ್ಲುಗಾಲಿ ರೈಲಲ್ಲಿ ಹಳಿಗಳ ಮಧ್ಯೆ ಏಣಿ ಥರ ಹಲ್ಲು ಇರುತ್ತೆ, ಗಾಲಿ ಮೇಲಿಂದ ಅದರ ಮೇಲೆ ಕೂರುತ್ತೆ. ಇಷ್ಟು ಕಡಿದಾದ ಕಡೆ ಆ ಗಾಲಿ ಹಲ್ಲು ಬಿಟ್ಟು ಮೇಲಕ್ಕೆ ಎದ್ದುಬಿಡೋ ಅಪಾಯ. ಎಡುವಾರ್ಡ್ ಲೋಖರ್ ಅನ್ನೋ ಎಂಜಿನಿಯರ್ ಏನು ಮಾಡಿದ ಅಂದ್ರೆ, ಹಲ್ಲುಗಳನ್ನ ಎರಡು ಪಕ್ಕಕ್ಕೆ ಅಡ್ಡ ತಿರುಗಿಸಿ, ಗಾಲಿಗಳು ಎಡಬಲದಿಂದ ಹಿಡಿದುಕೊಳ್ಳೋ ಹಾಗೆ ಮಾಡಿದ. ಎರಡು ಕೈಯಲ್ಲಿ ಹಗ್ಗ ಹಿಡಿದ ಹಾಗೆ. 1889ರಲ್ಲಿ ಶುರುವಾಗಿದ್ದು, ಮೊದಲು ಉಗಿಯಲ್ಲಿ, 1937ರಿಂದ ಕರೆಂಟಿನಲ್ಲಿ. ಇಳಿಯುವಾಗ ಮುಂದಿನ ಸೀಟು ಹಿಡೀರಿ.

ನಾಲ್ಕನೇ ದಿನ ಮತ್ತೆ ಮೋಡ. ಬೆಟ್ಟ ಬಿಟ್ಟು ಬೋಟ್ ಹತ್ತಿದ್ವಿ. ಈ ಸರೋವರಕ್ಕೆ ಜರ್ಮನ್‌ನಲ್ಲಿ ಇರೋ ಹೆಸರಿನ ಅರ್ಥ ನಾಲ್ಕು ಕಾಡುನಾಡುಗಳ ಸರೋವರ ಅಂತ. 114 ಚದರ ಕಿಲೋಮೀಟರ್. ನಮ್ಮ ಲಿಂಗನಮಕ್ಕಿ ತುಂಬಿದಾಗ ಇದಕ್ಕಿಂತ ದೊಡ್ಡದು, ಆದರೆ ಇಲ್ಲಿ ಆಳ 214 ಮೀಟರ್‌ವರೆಗೆ ಇದೆ. ಬೆಟ್ಟಗಳ ಸಂದಿಯಲ್ಲಿ ತಿರುತಿರುಗಿ ಹೋಗೋದ್ರಿಂದ ಒಂದೇ ನೋಟಕ್ಕೆ ಪೂರ್ತಿ ಕಾಣಲ್ಲ. ಕೊನೆಯ ಊರು ಫ್ಲ್ಯೂಯೆಲೆನ್‌ಗೆ ಹತ್ತಿರಹತ್ತಿರ ಮೂರು ಗಂಟೆ. ಐದು ಹಳೇ ಉಗಿ ಹಡಗು ಇನ್ನೂ ಓಡ್ತಿವೆ, ಅತಿ ಹಳೇದು 1901ರದ್ದು, ಹೆಸರು ಊರಿ. ವೇಳಾಪಟ್ಟಿಯಲ್ಲಿ ಗುರುತು ಹಾಕಿರ್ತಾರೆ, ಕಾದು ಅದನ್ನೇ ಹತ್ತಿ. ನಡುವೆ ನಿಂತ್ರೆ ಕೆಳಗೆ ಉಗಿಯಂತ್ರದ ದಂಡಗಳು ಎಣ್ಣೆ ಹಚ್ಚಿಕೊಂಡು ಆಡೋದು ಕಾಣುತ್ತೆ. ನಾನು ನೋಟ ಬಿಟ್ಟು ಅರ್ಧ ಗಂಟೆ ಅಲ್ಲೇ ನಿಂತಿದ್ದೆ, ಬೈಸಿಕೊಂಡೆ.

ಈಗ ಐದನೇ ದಿನ. ಬೆಳಿಗ್ಗೆಯಿಂದ ಬಿಸಿಲು, ಸೆಖೆ. ಅವಳಿಗೆ ಸುತ್ತಾಟ ಸಾಕಾಗಿತ್ತು. ಮಧ್ಯಾಹ್ನ ಪೆಡಲ್ ಬೋಟ್ ಬಾಡಿಗೆಗೆ ತಗೊಂಡ್ವಿ. ಕೊಡುವವರು ಏನೋ ಎರಡು ಮೂರು ಮಾತು ಹೇಳಿದ್ರು, ದಡದ ಕಡೆ ಕೈ ತೋರಿಸಿದ್ರು. ಆ ಹೊತ್ತಿಗೆ ನನ್ನ ಫೋನಲ್ಲಿ ಆಫೀಸ್ ಗ್ರೂಪ್ ಬಡ್ಕೋತಿತ್ತು, ಯಾವುದೋ ರಿಲೀಸ್ ಕೆಟ್ಟಿತ್ತು. ಓಕೆ ಓಕೆ ಅಂತ ತಲೆ ಆಡಿಸಿದೆ. ರಜೆಯಲ್ಲಿದ್ದೆ, ಉತ್ತರ ಕೊಡೋ ಅಗತ್ಯವೇ ಇರಲಿಲ್ಲ.

ನಾವಿಬ್ರೂ ಸಾಗರದ ಕಡೆಯವರು. ಶರಾವತಿ ಹಿನ್ನೀರಲ್ಲಿ ಲಾಂಚ್ ಹತ್ತಿ ಸಿಗಂದೂರಿಗೆ ಹೋಗ್ತಾ ಬೆಳೆದವರು, ನೀರು ಗೊತ್ತು ಅನ್ನೋ ಧೈರ್ಯ. ಆದ್ರೆ ನಿಜಕ್ಕೂ ನನಗೆ ಈಜು ಅಷ್ಟಕ್ಕಷ್ಟೇ, ಅವಳಿಗೆ ಬರಲ್ಲ. ಪೆಡಲ್ ಮಾಡ್ತಾ ಮಾಡ್ತಾ ದಡದಿಂದ ಸಾಕಷ್ಟು ದೂರ ಬಂದಿದ್ವಿ. ನಾನು ಮಧ್ಯೆ ಮಧ್ಯೆ ಫೋನ್ ನೋಡ್ತಿದ್ದೆ. ಅವಳು ಕೇಳಿದ್ಳು, "ಅಲ್ಲಿ ಕಿತ್ತಳೆ ಬಣ್ಣದ ದೀಪ ಮಿಣುಕ್ತಿದೆಯಲ್ಲ, ಅದೇನು?" ನಾನು ತಲೆ ಎತ್ತದೆ "ಯಾವುದೋ ಲೈಟ್‌ಹೌಸ್ ಇರಬೇಕು" ಅಂದೆ. ಸ್ವಲ್ಪ ಹೊತ್ತಿಗೆ ಅವಳೇ, "ಈಗ ಜೋರಾಗಿ ಮಿಣುಕ್ತಿದೆ" ಅಂದ್ಳು. ಆಗ ನೋಡಿದೆ. ಪಿಲಾಟಸ್ ಕಡೆ ಆಕಾಶ ಶಾಯಿ ಚೆಲ್ಲಿದ ಹಾಗೆ. ನಮ್ಮ ತಲೆ ಮೇಲೆ ಇನ್ನೂ ಬಿಸಿಲು. ಸುತ್ತ ಒಂದೂ ಬೋಟ್ ಇರಲಿಲ್ಲ, ಎಲ್ಲಾ ಯಾವಾಗಲೋ ದಡ ಸೇರಿದ್ವು.

ಗಾಳಿ ಒಂದೇ ಸಲಕ್ಕೆ ಬಂತು. ಮಳೆ ಇಲ್ಲ, ಬರೀ ಗಾಳಿ, ತಣ್ಣಗೆ. ಕನ್ನಡಿ ಥರ ಇದ್ದ ನೀರು ನಿಮಿಷಗಳಲ್ಲಿ ಅಲೆ. ನಾವು ತುಳೀತಿದ್ವಿ, ಬೋಟ್ ಇದ್ದಲ್ಲೇ ಅಡ್ಡ ತಿರುಗ್ತಿತ್ತು. ಆಗಲೇ ಒಬ್ಬರು ಸಣ್ಣ ಮೋಟರ್ ಬೋಟಲ್ಲಿ ಬಂದು, ಜರ್ಮನ್‌ನಲ್ಲಿ ಬೈಯ್ತಾ, ಹಗ್ಗ ಎಸೆದು ನಮ್ಮನ್ನ ಎಳ್ಕೊಂಡು ಹೋದ್ರು. ದಡ ಮುಟ್ಟಿದ ಮೇಲೆ ಆಲಿಕಲ್ಲು ಶುರುವಾಯ್ತು. ಅವಳು ಸುಮಾರು ಹೊತ್ತು ಮಾತಾಡ್ಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು: "ದೀಪ ನಾನು ಎರಡು ಸಲ ತೋರಿಸಿದೆ."

ಆ ದೀಪ ಏನು ಅಂತ ಆವತ್ತು ರಾತ್ರಿ ಕೂತು ಓದಿದೆ. ಸ್ವಿಟ್ಜರ್ಲೆಂಡ್‌ನ ದೊಡ್ಡ ಸರೋವರಗಳ ಸುತ್ತ ಇಂಥ ಬಿರುಗಾಳಿ ದೀಪ ಇಟ್ಟಿದ್ದಾರೆ. ಎರಡೇ ವೇಗ. ನಿಮಿಷಕ್ಕೆ 40 ಸಲ ಮಿಣುಕಿದ್ರೆ ಎಚ್ಚರಿಕೆ: 25ರಿಂದ 33 ನಾಟ್, ಅಂದ್ರೆ ಗಂಟೆಗೆ ಸುಮಾರು 46ರಿಂದ 61 ಕಿಲೋಮೀಟರ್ ವೇಗದ ಗಾಳಿ ಬರಬಹುದು. ನಿಮಿಷಕ್ಕೆ 90 ಸಲ ಆದ್ರೆ ಅದಕ್ಕಿಂತ ಜೋರಾದ ಬಿರುಗಾಳಿ ಹತ್ತಿರದಲ್ಲೇ ಇದೆ, ನೀರಲ್ಲಿರೋರು ಕೂಡಲೇ ದಡಕ್ಕೆ. ಗಡಿಯಾರ ಹಿಡಿದು ಎಣಿಸಬೇಕಿಲ್ಲ. ಹತ್ತು ಸೆಕೆಂಡಿಗೆ ಆರೇಳು ಆದ್ರೆ ಮೊದಲನೇದು, ಹದಿನೈದು ಆದ್ರೆ ಎರಡನೇದು. ನಿಧಾನ ಇದ್ದಾಗಲೇ ವಾಪಸ್ ಬಂದುಬಿಡಿ, ಪೆಡಲ್ ಬೋಟ್ ಅಂತೂ ಗಾಳಿಗೆ ಎದುರಾಗಿ ಹೋಗೋ ವಸ್ತುವೇ ಅಲ್ಲ.

ಅಷ್ಟು ಹಠಾತ್ತಾಗಿ ಯಾಕೆ ಬರುತ್ತೆ? ಬೇಸಿಗೆ ಮಧ್ಯಾಹ್ನ ಬೆಟ್ಟದ ಇಳಿಜಾರು ಕಾದು ಬಿಸಿಗಾಳಿ ಮೇಲೇರಿ ಗುಡುಗು ಮೋಡ ಕಟ್ಟುತ್ತೆ. ಮಳೆ ಶುರುವಾದಾಗ ಅದರ ಜೊತೆ ತಣ್ಣನೆ ಗಾಳಿ ದಬದಬ ಕೆಳಗಿಳಿದು ನೆಲ ಮುಟ್ಟಿ ಸುತ್ತಲೂ ಹರಡುತ್ತೆ. ಕಣಿವೆಯ ಸಂದಿಯಲ್ಲಿ ಅದಕ್ಕೆ ವೇಗ ಇನ್ನೂ ಜಾಸ್ತಿ. ಹಾಗಾಗಿ ಮಳೆಗಿಂತ ಮೊದಲು ಗಾಳಿ ತಲುಪುತ್ತೆ, ತಲೆ ಮೇಲೆ ಬಿಸಿಲಿದ್ದಾಗಲೇ. ಮಳೆ ಬಂದ ಮೇಲೆ ನೋಡೋಣ ಅನ್ನೋ ನಮ್ಮೂರ ಲೆಕ್ಕ ಇಲ್ಲಿ ನಡೆಯಲ್ಲ. ನಂಬರುಗಳನ್ನೂ ಫೋನಲ್ಲಿ ಇಟ್ಕೊಳ್ಳಿ: ಪೊಲೀಸ್ 117, ಆಂಬುಲೆನ್ಸ್ 144, ಬೆಟ್ಟದಲ್ಲಿ ಹೆಲಿಕಾಪ್ಟರ್ ಬೇಕಾದ್ರೆ 1414, ಯಾವುದೂ ನೆನಪಾಗದಿದ್ರೆ 112.

ಉಳಿದದ್ದು ಬೇಗ ಹೇಳ್ತೀನಿ. ಊರೊಳಗೆ ಚಾಪೆಲ್ ಬ್ರಿಡ್ಜ್ ಎಲ್ರೂ ನೋಡ್ತಾರೆ, 14ನೇ ಶತಮಾನದ ಮರದ ಸೇತುವೆ, 200 ಮೀಟರ್‌ಗೂ ಉದ್ದ. ಮಾಡಿನ ಕೆಳಗೆ 17ನೇ ಶತಮಾನದ ತ್ರಿಕೋನ ಚಿತ್ರಗಳು. 1993ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಬೆಂಕಿ ಬಿದ್ದು ಹೆಚ್ಚಿನ ಚಿತ್ರಗಳು ಹೋದವು. ಮರುವರ್ಷ ಏಪ್ರಿಲ್‌ನಲ್ಲಿ ಸೇತುವೆ ಮತ್ತೆ ತೆರೆದರು. ಅಲ್ಲಿಂದ ನದಿಯ ದಡದಲ್ಲೇ ಐದು ನಿಮಿಷ ನಡೆದ್ರೆ ಸೂಜಿ ಅಣೆಕಟ್ಟು ಸಿಗುತ್ತೆ, ಜನ ಅದರ ಫೋಟೋ ಕೂಡ ತೆಗೆಯಲ್ಲ. ಉದ್ದುದ್ದ ಮರದ ಪಟ್ಟಿಗಳನ್ನ ಸಾಲಾಗಿ ನೀರಿಗೆ ನಿಲ್ಲಿಸಿ, ಒಂದೊಂದಾಗಿ ಹಾಕಿ ತೆಗೆದು ಸರೋವರದ ಮಟ್ಟ ಕಾಯೋದು. 19ನೇ ಶತಮಾನದ ವ್ಯವಸ್ಥೆ, ಇವತ್ತಿಗೂ ಆ ಪಟ್ಟಿಗಳನ್ನ ಕೈಯಲ್ಲೇ ಎತ್ತಿ ಇಡ್ತಾರೆ.

ಊಟ: ಅಡುಗೆಮನೆ ಇರೋ ರೂಮ್ ಹಿಡೀರಿ, ಸೂಪರ್‌ಮಾರ್ಕೆಟ್‌ನಲ್ಲಿ ತರಕಾರಿ ತನ್ನಿ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಸ್ಟೇಷನ್ ಒಳಗಿನದ್ದು ಮಾತ್ರ ತೆಗೆದಿರುತ್ತೆ. ಅವಲಕ್ಕಿ, ಚಟ್ನಿಪುಡಿ ಒಯ್ಯಿ. ತುಪ್ಪ, ಪೇಡ ಬೇಡ, ಯುರೋಪಿನ ಹೊರಗಿಂದ ಹಾಲಿನ ಪದಾರ್ಥ ತರೋ ಹಾಗಿಲ್ಲ. ನೀರಿನ ಬಾಟಲಿಗೆ ದುಡ್ಡು ಹಾಕಬೇಡಿ, ಬೀದಿಯ ಕಾರಂಜಿ ನೀರೇ ಕುಡಿಯೋದು. ಕುಡಿಯಬಾರದು ಅಂತಿದ್ರೆ ಬೋರ್ಡ್ ಹಾಕಿರ್ತಾರೆ.

ಆರನೇ ದಿನ ರಿಗಿಗೆ ಹೋದ್ವಿ. ವಿಟ್ಸ್‌ನಾವ್‌ವರೆಗೆ ಬೋಟು, ಅಲ್ಲಿಂದ 1871ರಲ್ಲಿ ಶುರುವಾದ ರೈಲು. ಯುರೋಪಿನ ಮೊದಲ ಬೆಟ್ಟದ ರೈಲು ಅದೇ. ಬೋಟ್ ಹತ್ತೋಕೆ ಅವಳಿಗೆ ಮನಸ್ಸಿರ್ಲಿಲ್ಲ. ದಡದ ದೀಪ ನೋಡಿದ್ಳು, ಆರಿತ್ತು. ಕೈ ಚಾಚಿ ನನ್ನ ಫೋನ್ ಇಸ್ಕೊಂಡು ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದ್ಳು, ಆಮೇಲೆ ಹತ್ತಿದ್ಳು. ಅದಕ್ಕೇ ರಿಗಿಯ ಫೋಟೋ ಒಂದೂ ಈ ವಿಡಿಯೋದಲ್ಲಿ ಇಲ್ಲ.