ಐದು ಪಟ್ಟು ವೇಗದ ಲೆಕ್ಕ

‘ನಲವತ್ತು ಜಿಬಿ ಫೈಲು ಇಳಿಸಿಕೊಳ್ಳಬೇಕು. ಯಾವ ಡೌನ್‌ಲೋಡ್ ಮ್ಯಾನೇಜರ್ ಒಳ್ಳೆಯದು? ಐದು ಪಟ್ಟು ವೇಗ ಅಂತ ಜಾಹೀರಾತು ಕೊಡ್ತಾರಲ್ಲ, ನಿಜವಾ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಎರಡನೆಯ ಪ್ರಶ್ನೆ ಬಗೆಹರಿದರೆ ಮೊದಲನೆಯದರ ಅರ್ಧ ಕೆಲಸ ಮುಗಿದಂತೆ. ಅದಕ್ಕಾಗಿ 1986ಕ್ಕೆ ಹೋಗಬೇಕು.

ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಜಾಲ ಕುಸಿಯಿತು. ಎರಡರ ನಡುವೆ ಇದ್ದದ್ದು ನಾನೂರು ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದ ದಾರಿಯಲ್ಲಿ ಬರೀ 40 ಬಿಟ್ ಸಾಗತೊಡಗಿದವು. ದಟ್ಟಣೆಯಲ್ಲಿ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ತುಣುಕುಗಳು, ಕಳೆದುಹೋಗುತ್ತಿದ್ದವು; ಕಳೆದದ್ದನ್ನು ಕಂಪ್ಯೂಟರ್‌ಗಳು ಪುನಃ ಪುನಃ ಕಳಿಸಿ ದಟ್ಟಣೆಯನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದವು. ಇದರ ಬೆನ್ನು ಹತ್ತಿದವರು ವ್ಯಾನ್ ಜೇಕಬ್‌ಸನ್ ಮತ್ತು ಮೈಕಲ್ ಕಾರೆಲ್ಸ್. ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ ಸರಳವಾಗಿತ್ತು: ದಾರಿ ಸಲೀಸಾಗಿರುವ ತನಕ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸು, ಪ್ಯಾಕೆಟ್ ಕಳೆದರೆ ದಟ್ಟಣೆ ಇದೆಯೆಂದು ತಿಳಿದು ವೇಗವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸು. ಇಂಟರ್ನೆಟ್ ಇಂದಿಗೂ ಉಸಿರಾಡುತ್ತಿರುವುದು ಬಹುಪಾಲು ಈ ಶಿಸ್ತಿನಿಂದ. ಎಲ್ಲರೂ ಹೀಗೆ ಏರಿಳಿಯುತ್ತಿದ್ದರೆ, ಇಕ್ಕಟ್ಟಿನ ದಾರಿಯೊಂದರಲ್ಲಿ ಪ್ರತಿ ಸಂಪರ್ಕಕ್ಕೂ ಹೆಚ್ಚುಕಡಿಮೆ ಸಮಪಾಲು ಸಿಗುತ್ತದೆ.

ಗಮನಿಸಿ, ಸಮಪಾಲು ಸಿಗುವುದು ಸಂಪರ್ಕಕ್ಕೆ, ಮನುಷ್ಯನಿಗಲ್ಲ. ಡೌನ್‌ಲೋಡ್ ಮ್ಯಾನೇಜರ್ ನುಸುಳುವುದು ಈ ಸಂದಿಯಲ್ಲೇ.

ಬೀದಿಗೆ ನೀರಿನ ಟ್ಯಾಂಕರ್ ಬಂದಿದೆ ಎನ್ನಿ. ಸಾಲಿನಲ್ಲಿ ನಿಂತ ಒಬ್ಬರಿಗೆ ಒಂದು ಕೊಡ ಎಂಬುದು ನಿಯಮ. ಎಲ್ಲ ಮನೆಯಿಂದ ಒಬ್ಬೊಬ್ಬರು ಬಂದರೆ, ಒಂದು ಮನೆಯವರು ಮಾತ್ರ ಐವರನ್ನು ನಿಲ್ಲಿಸುತ್ತಾರೆ. ನಿಯಮ ಮುರಿದಿಲ್ಲ, ಆದರೂ ಐದು ಕೊಡ ಅವರ ಪಾಲು. ಟ್ಯಾಂಕರಿನಲ್ಲಿ ನೀರು ಹೆಚ್ಚಲಿಲ್ಲ, ಪಕ್ಕದ ಮನೆಗಳ ಪಾಲು ತಗ್ಗಿತು ಅಷ್ಟೇ. ಬೀದಿಯಲ್ಲಿ ಅವರದೊಂದೇ ಮನೆಯಿದ್ದರೆ ಐವರನ್ನು ಕಳಿಸಿಯೂ ಪ್ರಯೋಜನವಿಲ್ಲ. ಹೇಗಿದ್ದರೂ ನೀರೆಲ್ಲ ಅವರದೇ. ಇನ್ನು ಎಲ್ಲ ಮನೆಯವರೂ ಐವರನ್ನು ಕಳಿಸಲು ಶುರುಮಾಡಿದರೆ ಸಾಲು ಉದ್ದವಾಗುತ್ತದೆ, ಲಾಭ ಸೊನ್ನೆ.

ಮ್ಯಾನೇಜರ್ ಫೈಲನ್ನು ಐದು ತುಂಡು ಮಾಡಿ ಐದು ಸಂಪರ್ಕಗಳಲ್ಲಿ ತರಿಸುವುದೂ ಇದೇ ಲೆಕ್ಕ. ಇನ್ನೊಂದು ಸಣ್ಣ ಲಾಭವೂ ಇದೆ. ಒಂದೇ ಸಂಪರ್ಕವಿದ್ದಾಗ ಪ್ಯಾಕೆಟ್ ಕಳೆದರೆ ಪೂರ್ತಿ ವೇಗ ಅರ್ಧವಾಗುತ್ತದೆ. ಐದಿದ್ದು ಅದರಲ್ಲೊಂದು ಅರ್ಧವಾದರೆ ಒಟ್ಟು ವೇಗದಲ್ಲಿ ನೂರಕ್ಕೆ ತೊಂಬತ್ತು ಪಾಲು ಉಳಿದಿರುತ್ತದೆ. ಹಾಗಾಗಿ ಸರ್ವರ್ ದೂರದ ದೇಶದಲ್ಲಿದ್ದರೆ, ದಾರಿಯಲ್ಲಿ ಸೋರಿಕೆ ಇದ್ದರೆ, ಅಥವಾ ಸರ್ವರ್ ಒಂದೊಂದು ಸಂಪರ್ಕಕ್ಕೂ ಮಿತಿ ಹಾಕಿದ್ದರೆ ವೇಗ ನಿಜಕ್ಕೂ ಹೆಚ್ಚುತ್ತದೆ. ಆದರೆ ನಿಮ್ಮ ಮನೆಯ ಸಂಪರ್ಕವೇ 40 ಎಂಬಿಪಿಎಸ್ ಆಗಿದ್ದು ಬ್ರೌಸರ್ ಆಗಲೇ ಸೆಕೆಂಡಿಗೆ 5 ಮೆಗಾಬೈಟ್ ಇಳಿಸುತ್ತಿದ್ದರೆ, ಯಾವ ತಂತ್ರಾಂಶವೂ ಅದನ್ನು 25 ಮಾಡಲಾರದು. ನಲವತ್ತು ಜಿಬಿಗೆ ಎರಡು ಗಂಟೆಯ ಮೇಲೆ ಹಿಡಿದೇ ಹಿಡಿಯುತ್ತದೆ.

ಹಾಗಾದರೆ ಮ್ಯಾನೇಜರ್ ಬೇಡವೇ? ಬೇಕು, ಆದರೆ ಕಾರಣ ಬೇರೆ. ಮೂವತ್ತೆಂಟು ಜಿಬಿ ಇಳಿದ ಮೇಲೆ ಕರೆಂಟು ಹೋದರೆ ನೆರವಿಗೆ ಬರುವುದು ವೇಗವಲ್ಲ, ಬಿಟ್ಟಲ್ಲಿಂದ ಮುಂದುವರಿಸುವ ಜಾಣ್ಮೆ. 1997ರ ಎಚ್‌ಟಿಟಿಪಿ 1.1 ನಿಯಮಾವಳಿಯಲ್ಲಿ ‘ರೇಂಜ್’ ಎಂಬ ಕೋರಿಕೆ ಸೇರಿತು: ‘ಇಷ್ಟನೇ ಬೈಟಿನಿಂದ ಆಚೆಗಿನದನ್ನು ಮಾತ್ರ ಕೊಡು’. ಒಪ್ಪುವ ಸರ್ವರ್ 206 ಎಂಬ ಸಂಖ್ಯೆಯೊಡನೆ ಉಳಿದ ಭಾಗವನ್ನು ಕಳಿಸುತ್ತದೆ. ಒಪ್ಪದ ಸರ್ವರ್ 200 ಎಂದು ಹೇಳಿ ಮೊದಲಿನಿಂದ ಸುರಿಯಲು ಶುರುಮಾಡುತ್ತದೆ. ಅಲ್ಲಿ ಎಷ್ಟು ದುಬಾರಿ ಮ್ಯಾನೇಜರ್ ಇದ್ದರೂ ಕೈಚೆಲ್ಲಬೇಕು. ತುಂಡು ಮಾಡಿ ತರಿಸುವುದಕ್ಕೂ ಇದೇ ರೇಂಜ್ ಬೇಕು. ಈ ನಡುವೆ ಸರ್ವರಿನಲ್ಲಿ ಫೈಲೇ ಬದಲಾಗಿದ್ದರೆ? ಅರ್ಧ ಹಳೆಯದು, ಅರ್ಧ ಹೊಸದು ಅಂಟಿಕೊಂಡ ಕಸ ಸಿಗುತ್ತದೆ. ಒಳ್ಳೆಯ ಮ್ಯಾನೇಜರ್ ಫೈಲಿನ ಗುರುತುಚೀಟಿಯಾದ ‘ಇಟ್ಯಾಗ್’ ಅನ್ನು ನೆನಪಿಟ್ಟುಕೊಂಡು, ಅದು ಬದಲಾಗಿಲ್ಲ ಎಂದು ಖಚಿತಪಡಿಸಿಕೊಂಡೇ ಮುಂದುವರಿಯುತ್ತದೆ.

ಆಯ್ಕೆಗೆ ಬರೋಣ. ಕಮಾಂಡ್ ಟೈಪ್ ಮಾಡಲು ಹಿಂಜರಿಯದವರಿಗೆ ವಿಗೆಟ್, ಕರ್ಲ್, ಏರಿಯಾ2 ಮೂರೂ ಉಚಿತ, ಮೂರರದೂ ಮೂಲ ಸಂಕೇತ ಬಹಿರಂಗ. ವಿಗೆಟ್‌ಗೆ ‘-ಸಿ’ ಸೇರಿಸಿದರೆ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತದೆ. ಏರಿಯಾ2 ಒಂದು ಸರ್ವರಿಗೆ ಹದಿನಾರು ಸಂಪರ್ಕಗಳ ತನಕ ಬಿಡುತ್ತದಾದರೂ, ನಾವಾಗಿ ಕೇಳದಿದ್ದರೆ ಒಂದರಲ್ಲೇ ನಿಲ್ಲುತ್ತದೆ. ಈ ಸಂಯಮ ನನಗೆ ಇಷ್ಟ. ಕಿಟಕಿ, ಗುಂಡಿ ಬೇಕೆನ್ನುವವರು ಜಾಹೀರಾತು ತುಂಬದ, ಸರದಿ ಹಾಗೂ ರಾತ್ರಿ ವೇಳಾಪಟ್ಟಿ ಇರುವ ಯಾವುದನ್ನಾದರೂ ಹಾಕಿಕೊಳ್ಳಲಿ. ಹಾಕಿಕೊಳ್ಳುವಾಗಲೂ ಎಚ್ಚರ ಬೇಕು. ಫ್ರೀ ಡೌನ್‌ಲೋಡ್ ಮ್ಯಾನೇಜರ್ ಎಂಬ ಜನಪ್ರಿಯ ತಂತ್ರಾಂಶದ ಲಿನಕ್ಸ್ ಆವೃತ್ತಿಯನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಲು ಹೋದ ಕೆಲವರಿಗೆ 2020ರಿಂದ 2022ರವರೆಗೆ ಮಾಹಿತಿ ಕದಿಯುವ ನಕಲಿ ಸಿಗುತ್ತಿತ್ತೆಂದು 2023ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಬಯಲು ಮಾಡಿತು.

ಕೊನೆಯ ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ: ಇಳಿದದ್ದು ಸರಿಯಿದೆಯೇ ಎಂದು ನೋಡುವುದು. ಪ್ರಕಾಶಕರು ಕೊಟ್ಟ ಎಸ್‌ಎಚ್‌ಎ-256 ಮೊತ್ತವನ್ನು ನಿಮ್ಮ ಫೈಲಿನ ಮೊತ್ತದ ಜೊತೆ ಹೋಲಿಸಿ. ಒಂದೇ ಬಿಟ್ ಬದಲಾಗಿದ್ದರೂ ಮೊತ್ತ ಪೂರಾ ಬೇರೆಯಾಗುತ್ತದೆ. 2016ರ ಫೆಬ್ರವರಿಯಲ್ಲಿ ಕಳ್ಳರು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂನ ತಾಣಕ್ಕೇ ನುಗ್ಗಿ, ಹಿಂಬಾಗಿಲು ಕೊರೆದ ಫೈಲಿಗೆ ಕೊಂಡಿ ತಿರುಗಿಸಿದ್ದರು. ತಾಣವೇ ಕಳ್ಳರ ಕೈಯಲ್ಲಿದ್ದಾಗ ಅಲ್ಲಿ ಬರೆದ ಮೊತ್ತವನ್ನೂ ನಂಬುವಂತಿಲ್ಲ. ಆದ್ದರಿಂದ ಆಪರೇಟಿಂಗ್ ಸಿಸ್ಟಂನಂಥ ಫೈಲುಗಳಿಗೆ ಡಿಜಿಟಲ್ ಸಹಿಯನ್ನೂ ಪರೀಕ್ಷಿಸುವುದು ವಾಸಿ. ಮ್ಯಾನೇಜರ್ ಆರಿಸುವಾಗ ಮೊದಲು ಮುಂದುವರಿಕೆ, ಆಮೇಲೆ ಪರಿಶೀಲನೆ, ಆಮೇಲೆ ಅದು ಬಂದ ಮೂಲ ನೋಡಿ. ವೇಗಕ್ಕೆ ಕೊನೆಯ ಅಂಕ ಕೊಟ್ಟರೆ ಸಾಕು.