ನಗದು ಪಾವತಿಯ ಮಿತಿ ಮತ್ತು ಬ್ಯಾಂಕ್ ಖಾತೆಯಿಲ್ಲದ ವಲಸೆ ಕಾರ್ಮಿಕರು

ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಕೆಲಸಗಾರರಿದ್ದಾರೆ. ಕಬ್ಬು ಕಡಿಯಲು ಬಳ್ಳಾರಿ ಸೀಮೆಯ ತಂಡಗಳು ಬರುತ್ತವೆ. ಇವರಲ್ಲಿ ಬ್ಯಾಂಕ್ ಖಾತೆ ಇಲ್ಲದವರು ವಾರದ ಖರ್ಚಿಗಷ್ಟೇ ಹಣ ಪಡೆದು, ಉಳಿದ ಕೂಲಿಯನ್ನು ಮಾಲೀಕರ ಬಳಿಯೇ ಬಿಟ್ಟು, ಊರಿಗೆ ಹೊರಡುವ ದಿನ ಒಟ್ಟಿಗೆ ಪಡೆಯುವುದುಂಟು. ನಗದು ಪಾವತಿಯ ಮಿತಿಯು ತೊಡಕಾಗುವುದು ಆ ದಿನದಂದೇ.

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 40ಎ(3)ರ ಮೇರೆಗೆ, ಒಬ್ಬ ವ್ಯಕ್ತಿಗೆ ಒಂದೇ ದಿನ ನೀಡಿದ ನಗದು 10,000 ರೂ. ಮೀರಿದರೆ ಆ ವೆಚ್ಚವನ್ನು ವ್ಯಾಪಾರದ ಲಾಭದಿಂದ ಕಳೆಯುವಂತಿಲ್ಲ. 2017ರ ಏಪ್ರಿಲ್‌ಗೆ ಮೊದಲು ಈ ಮಿತಿ 20,000 ರೂ. ಆಗಿತ್ತು. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತುಪಡಿಸಿದ 2025ರ ಹೊಸ ಕಾಯ್ದೆಯೂ ಮಿತಿಯನ್ನು ಉಳಿಸಿಕೊಂಡಿದೆ.

ಉದಾಹರಣೆಗೆ, ಕೆಲಸಗಾರನೊಬ್ಬನ ಬಾಕಿ ಕೂಲಿ 30,000 ರೂ. ಎಂದಿಟ್ಟುಕೊಳ್ಳೋಣ. ಅದನ್ನು ಒಂದೇ ದಿನ ನಗದಾಗಿ ಕೊಟ್ಟರೆ, ಮಿತಿ ಮೀರಿದ 20,000 ರೂ. ಮಾತ್ರವಲ್ಲದೆ ಪೂರ್ಣ 30,000 ರೂ. ವೆಚ್ಚವೂ ತೆರಿಗೆ ಲೆಕ್ಕದಲ್ಲಿ ಅಮಾನ್ಯವಾಗುತ್ತದೆ. ತಂಡದ ಕೂಲಿಯನ್ನು ಗುತ್ತಿಗೆ ಪಡೆದ ಮೇಸ್ತ್ರಿಗೆ ಇಡಿಯಾಗಿ ಕೊಟ್ಟಾಗಲೂ ಇದೇ ತೊಡಕು. ಪ್ರತಿಯೊಬ್ಬನ ಪಾಲು ಸಣ್ಣದಾದರೂ ಪಾವತಿಯು ಒಬ್ಬನಿಗೇ ಆದಂತೆ. ಬೆಳೆಗಾರನಿಗೆ ನೀಡುವ ಕಬ್ಬಿನ ಹಣಕ್ಕೆ 1962ರ ನಿಯಮಾವಳಿಯ 6ಡಿಡಿ ನಿಯಮದಲ್ಲಿ ವಿನಾಯಿತಿ ಇತ್ತು. ಕೂಲಿಗೆ ಅಂತಹ ಸಾಮಾನ್ಯ ವಿನಾಯಿತಿ ಇರಲಿಲ್ಲ.

ತೆರಿಗೆಯ ಭಯದಿಂದ ಮಾಲೀಕರು ಬಾಕಿಯನ್ನು ಕಂತುಗಳಲ್ಲಿ ಕೊಡಲು ಮುಂದಾದರೆ ಕಾರ್ಮಿಕನ ಪ್ರಯಾಣವೇ ನಿಲ್ಲುತ್ತದೆ. ದುಡಿದ ಹಣಕ್ಕೆ ಆತನ ಬಳಿ ಬರಹದ ಆಧಾರವೂ ಇರುವುದಿಲ್ಲ.

ಇದಕ್ಕೆ ಪರಿಹಾರ ಕೂಲಿಯನ್ನು ಕೂಡಿಡದಿರುವುದೇ ಆಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯು ನಗದು ವೇತನವನ್ನು ನಿಷೇಧಿಸಿಲ್ಲ. ಆದರೆ ಸರ್ಕಾರವು ಅಧಿಸೂಚನೆಯ ಮೂಲಕ ಕೆಲವು ಉದ್ಯಮಗಳಿಗೆ ಚೆಕ್ ಅಥವಾ ಬ್ಯಾಂಕ್ ಜಮೆಯನ್ನು ಕಡ್ಡಾಯಗೊಳಿಸಬಹುದು. ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ದಿನ ಮುಗಿಯುವುದರೊಳಗೆ ಪಾವತಿಸಬೇಕು. ವಾರದ ಬಟವಾಡೆಯನ್ನು ಪ್ರತಿಯೊಬ್ಬನ ಕೈಗೇ ಕೊಟ್ಟು, ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಪಡೆದರೆ ಸಾಮಾನ್ಯವಾಗಿ ಮಿತಿ ಮೀರುವ ಪ್ರಸಂಗವೇ ಬಾರದು.

ಆದರೆ ಕೈಗೆ ಬಂದ ಹಣವನ್ನು ಬಾಡಿಗೆ ಕೋಣೆಯಲ್ಲಿ ಜೋಪಾನ ಮಾಡುವುದು ಕಷ್ಟ. ಆದ್ದರಿಂದ ಖಾತೆ ಅವಶ್ಯಕ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯಲ್ಲಿ ಕನಿಷ್ಠ ಶಿಲ್ಕಿನ ನಿರ್ಬಂಧವಿಲ್ಲ. ಆಧಾರ್ ಇ-ಕೆವೈಸಿ ಮೂಲಕ ಖಾತೆ ತೆರೆಯುವಾಗ, ಆಧಾರ್‌ನಲ್ಲಿ ಸ್ವಂತ ಊರಿನ ವಿಳಾಸವಿದ್ದರೂ ಈಗಿನ ವಿಳಾಸಕ್ಕೆ ಸ್ವಯಂ ಘೋಷಣೆ ನೀಡಬಹುದು. ದಾಖಲೆಗಳೇ ಇಲ್ಲದವರು ಭಾವಚಿತ್ರ ನೀಡಿ, ಬ್ಯಾಂಕ್ ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಒತ್ತಿ ‘ಸಣ್ಣ ಖಾತೆ’ ತೆರೆಯಬಹುದು. ಅದರಲ್ಲಿ ಶಿಲ್ಕು 50,000 ರೂ., ವರ್ಷದ ಜಮೆ 1 ಲಕ್ಷ ರೂ., ತಿಂಗಳ ಹಿಂಪಡೆತ 10,000 ರೂ. ಮೀರುವಂತಿಲ್ಲ. ಖಾತೆಯ ಅವಧಿ ಮೊದಲಿಗೆ 12 ತಿಂಗಳು. ಅಧಿಕೃತ ದಾಖಲೆಗೆ ಅರ್ಜಿ ಹಾಕಿದ ಪುರಾವೆ ಒದಗಿಸಿದರೆ ಮತ್ತೆ 12 ತಿಂಗಳು ಮುಂದುವರಿಯುತ್ತದೆ.

ಬಾಡಿಗೆಯ ವಿಷಯದಲ್ಲಿಯೂ ಗೊಂದಲವಿದೆ. ಕಾರ್ಮಿಕನು ತನ್ನ ವಾಸದ ಕೋಣೆಗೆ ಕೊಡುವ ಬಾಡಿಗೆಯು ವ್ಯಾಪಾರದ ವೆಚ್ಚವಲ್ಲವಾದ್ದರಿಂದ ಕಲಂ 40ಎ(3)ರ ಮಿತಿ ಅದಕ್ಕೆ ಅನ್ವಯಿಸದು. ವರ್ತಕರು ಗೋದಾಮಿಗೆ ಅಥವಾ ಕಾರ್ಮಿಕರ ವಸತಿಗೆ ಕೊಡುವ ಬಾಡಿಗೆಗೆ ಅನ್ವಯಿಸುತ್ತದೆ.

ಹಂಗಾಮಿನ ಮೊದಲ ವಾರದಲ್ಲಿಯೇ ಕಾರ್ಮಿಕರನ್ನು ಹತ್ತಿರದ ಬ್ಯಾಂಕ್ ಶಾಖೆಗೆ ಕರೆದೊಯ್ಯುವುದು ಮಾಲೀಕರಿಗೆ ಅರ್ಧ ದಿನದ ಕೆಲಸ. ಇದರಿಂದ ಮಾಲೀಕರ ಲೆಕ್ಕ ನೇರವಾಗುವುದಲ್ಲದೆ, ಕಾರ್ಮಿಕನ ಉಳಿತಾಯವು ಆತನ ಹೆಸರಿನಲ್ಲಿಯೇ ಭದ್ರವಾಗಿರುತ್ತದೆ.